ನಮ್ಮೂರಲ್ಲಿ ನೀರು ನೂರಕ್ಕೆ ಕುದಿಯುವುದಿಲ್ಲ: ಡೇಟಾ ಲಾಗರ್‌ನ ಸೆನ್ಸರ್‌ಗಳ ಮಾಪನಾಂಕ ನಿರ್ಣಯ ಮತ್ತು ತರಗತಿ ಬೋಧನೆ

ಕಳೆದ ಸಾಲಿನ ಶಾಲಾ ಇಂಟರ್ನ್‌ಶಿಪ್ ಸಮಯ. ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಒಂಬತ್ತನೇ ತರಗತಿಗೆ ಪಾಠ ಮಾಡುತ್ತಿದ್ದರು. ನಾನು ಹಿಂದಿನ ಬೆಂಚಿನಲ್ಲಿ ಅವಲೋಕನ ನಮೂನೆ ಹಿಡಿದು ಕುಳಿತಿದ್ದೆ. ಮಕ್ಕಳು ಆರ್ಡುಯಿನೊ ಬೋರ್ಡಿಗೆ ತಾಪದ ಸೆನ್ಸರ್ ಜೋಡಿಸಿ, ಪ್ರತಿ ನಿಮಿಷದ ತಾಪವನ್ನು ಮೆಮೊರಿ ಕಾರ್ಡಿನಲ್ಲಿ ಬರೆದಿಡುವ ಸಣ್ಣ ಡೇಟಾ ಲಾಗರ್ ಮಾಡಿದ್ದರು. ಸೆನ್ಸರನ್ನು ಮೊದಲು ಐಸ್ ನೀರಿನಲ್ಲಿ ಇಟ್ಟಾಗ ಪರದೆಯಲ್ಲಿ 0.2 ಬಂತು. ಆಮೇಲೆ ಕುದಿಯುವ ನೀರಿನಲ್ಲಿ ಇಟ್ಟರು. ಅಂಕಿ ಏರುತ್ತಾ ಹೋಗಿ 97.9ರಲ್ಲಿ ನಿಂತಿತು.

"ಮಿಸ್, ತೊಂಬತ್ತೆಂಟರ ಹತ್ರ ನಿಂತುಬಿಡ್ತು. ಮೇಲಕ್ಕೆ ಹೋಗ್ತಾನೇ ಇಲ್ಲ" ಎಂದಳು ಮುಂದಿನ ಸಾಲಿನ ಹುಡುಗಿ.

"ಸೆನ್ಸರ್ ಸ್ವಲ್ಪ ಕಡಿಮೆ ತೋರಿಸ್ತಿದೆ. ನೀರು ಕುದಿಯೋದು ನೂರಕ್ಕಲ್ವಾ? ಕೋಡಿನಲ್ಲಿ ನೂರಕ್ಕೆ ಸರಿ ಮಾಡೋಣ" ಎಂದರು ಪ್ರಶಿಕ್ಷಣಾರ್ಥಿ. ಮಕ್ಕಳು ಲೆಕ್ಕ ಹಾಕಿದರು, ಕೋಡ್ ತಿದ್ದಿದರು, ಪರದೆಯಲ್ಲಿ 100.0 ಮೂಡಿತು. ತರಗತಿ ಚಪ್ಪಾಳೆ ತಟ್ಟಿತು. ನಾನು ನಮೂನೆಯಲ್ಲಿ 'ಪ್ರಾತ್ಯಕ್ಷಿಕೆ: ಉತ್ತಮ' ಎಂದು ಗುರುತು ಹಾಕಿದೆ.

ತಪ್ಪು ಗೊತ್ತಾದದ್ದು ಸಂಜೆ ಬಸ್ಸಿನಲ್ಲಿ ಬರುವಾಗ. ಆ ಸೆನ್ಸರ್ ಸರಿಯಾಗಿಯೇ ಇತ್ತು. ನಾವು ಅದನ್ನು 'ಸರಿ' ಮಾಡಲು ಹೋಗಿ ಕೆಡಿಸಿದ್ದೆವು. ಮರುದಿನ ಪ್ರಶಿಕ್ಷಣಾರ್ಥಿ ಮತ್ತು ನಾನು ಇಬ್ಬರೂ ಅದೇ ತರಗತಿಗೆ ಹೋಗಿ ಮಕ್ಕಳ ಮುಂದೆ ಲೆಕ್ಕವನ್ನು ಮತ್ತೆ ಮಾಡಿದೆವು. ಆ ಎರಡು ದಿನಗಳಲ್ಲಿ ಕಲಿತದ್ದನ್ನು ಮುಂದೆ ಇಂಥ ಪಾಠ ಮಾಡುವವರಿಗಾಗಿ ಇಲ್ಲಿ ಬರೆದಿದ್ದೇನೆ.

ಮಾಪನಾಂಕ ನಿರ್ಣಯ ಎಂದರೇನು?

ಅಡಿಕೆ ಮಂಡಿಯಲ್ಲಿ ತೂಕದ ಯಂತ್ರವನ್ನು ಮಕ್ಕಳು ನೋಡಿರುತ್ತಾರೆ. ಕಾನೂನು ಮಾಪನಶಾಸ್ತ್ರ ಇಲಾಖೆಯವರು ಖಚಿತ ತೂಕದ ಬಟ್ಟುಗಳನ್ನು ಅದರ ಮೇಲಿಟ್ಟು, ಯಂತ್ರ ತೋರಿಸುವ ಅಂಕಿಯನ್ನು ಹೋಲಿಸಿ, ಸರಿಯಿದ್ದರೆ ಮುದ್ರೆ ಹಾಕುತ್ತಾರೆ. ಆ ಬಟ್ಟುಗಳನ್ನು ಅವಕ್ಕಿಂತ ಖಚಿತವಾದ ಬಟ್ಟುಗಳೊಂದಿಗೆ ಹೋಲಿಸಿರುತ್ತಾರೆ. ಹೀಗೆ ಮೆಟ್ಟಿಲು ಹತ್ತುತ್ತಾ ಹೋದರೆ ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ಕಾಯ್ದಿಟ್ಟಿರುವ ದೇಶದ ಮಾನಕದವರೆಗೆ ಹೋಗುತ್ತದೆ.

ನಮಗೆ ಮೊದಲೇ ಖಚಿತವಾಗಿ ಗೊತ್ತಿರುವ ಒಂದು ಅಳತೆಯೊಂದಿಗೆ ಉಪಕರಣದ ಅಂಕಿಯನ್ನು ಹೋಲಿಸಿ, ಎರಡರ ನಡುವಿನ ಸಂಬಂಧವನ್ನು ಬರೆದಿಡುವುದೇ ಮಾಪನಾಂಕ ನಿರ್ಣಯ, ಅಂದರೆ ಕ್ಯಾಲಿಬ್ರೇಶನ್. ಇಲ್ಲಿ 'ಖಚಿತವಾಗಿ ಗೊತ್ತಿರುವ' ಎಂಬ ಮಾತೇ ಮುಖ್ಯ. ನಮ್ಮ ತರಗತಿ ಎಡವಿದ್ದು ಅಲ್ಲೇ. ನೂರು ಎಂಬುದು ಪುಸ್ತಕದಲ್ಲಿ ಇದ್ದ ಅಂಕಿ, ನಮ್ಮ ಪಾತ್ರೆಯಲ್ಲಿ ಇದ್ದದ್ದಲ್ಲ.

ಪಾಠಕ್ಕೆ ಮೊದಲು ಪ್ರಶಿಕ್ಷಣಾರ್ಥಿಗಳು ಮೂರು ಪದಗಳನ್ನು ಬೇರೆ ಬೇರೆಯಾಗಿ ತಿಳಿದಿರಬೇಕು.

ಕನಿಷ್ಠ ಅಳತೆ: ಉಪಕರಣ ತೋರಿಸಬಲ್ಲ ಅತಿ ಸಣ್ಣ ವ್ಯತ್ಯಾಸ. ಡಿಎಸ್18ಬಿ20 ಎಂಬ ತಾಪದ ಸೆನ್ಸರ್ 0.0625 ಡಿಗ್ರಿಯಷ್ಟು ಸಣ್ಣ ವ್ಯತ್ಯಾಸವನ್ನೂ ತೋರಿಸುತ್ತದೆ.

ನಿಖರತೆ: ತೋರಿಸಿದ ಅಂಕಿ ನಿಜದ ಅಳತೆಗೆ ಎಷ್ಟು ಹತ್ತಿರವಿದೆ ಎಂಬುದು. ಅದೇ ಸೆನ್ಸರ್‌ಗೆ ತಯಾರಕರು ಹೇಳುವ ನಿಖರತೆ ಮೈನಸ್ 10ರಿಂದ 85 ಡಿಗ್ರಿಯವರೆಗೆ ±0.5 ಡಿಗ್ರಿ ಮಾತ್ರ. ದಶಮಾಂಶದ ನಂತರ ನಾಲ್ಕು ಅಂಕಿ ಬಂದ ಮಾತ್ರಕ್ಕೆ ನಾಲ್ಕೂ ನಿಜವಲ್ಲ.

ಸ್ಥಿರತೆ: ಅದೇ ಸ್ಥಿತಿಯಲ್ಲಿ ಮತ್ತೆ ಮತ್ತೆ ಅಳೆದಾಗ ಅದೇ ಅಂಕಿ ಬರುವುದು. ಪ್ರತಿ ಸಲ ಎರಡು ಡಿಗ್ರಿ ಹೆಚ್ಚು ತೋರಿಸುವ ಸೆನ್ಸರ್ ಸ್ಥಿರ, ಆದರೆ ನಿಖರವಲ್ಲ. ಸಂತೋಷದ ವಿಷಯವೆಂದರೆ ಸ್ಥಿರವಾದ ತಪ್ಪನ್ನು ಮಾಪನಾಂಕ ನಿರ್ಣಯದಿಂದ ತಿದ್ದಬಹುದು. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ತೋರಿಸುವುದನ್ನು ಹೀಗೆ ತಿದ್ದಲಾಗದು.

ಸ್ಥಿರವಾದ ತಪ್ಪಿನಲ್ಲೂ ಎರಡು ಬಗೆ ಇದೆ. ಎಲ್ಲ ಕಡೆಯೂ ಒಂದೇ ಪ್ರಮಾಣದಲ್ಲಿ ಹೆಚ್ಚು ಅಥವಾ ಕಡಿಮೆ ತೋರಿಸುವುದು ಮೊದಲನೆಯದು. ಐದು ನಿಮಿಷ ಮುಂದಿರುವ ಗೋಡೆ ಗಡಿಯಾರ ಇದಕ್ಕೆ ಉದಾಹರಣೆ. ಅಳತೆ ದೊಡ್ಡದಾದಂತೆ ತಪ್ಪೂ ದೊಡ್ಡದಾಗುವುದು ಎರಡನೆಯದು. ದಿನಕ್ಕೆ ಒಂದು ನಿಮಿಷ ಹಿಂದೆ ಬೀಳುವ ಗಡಿಯಾರ ಹೀಗೆ. ಮೊದಲನೆಯದನ್ನು ಕಂಡುಹಿಡಿಯಲು ಒಂದು ಬಿಂದು ಸಾಕು. ಎರಡನೆಯದಕ್ಕೆ ಕನಿಷ್ಠ ಎರಡು ಬಿಂದು ಬೇಕು.

ನಮ್ಮ ನಾಲ್ಕು ತಾಲ್ಲೂಕುಗಳಿಗೆ ಇದು ಏಕೆ ಬೇಕು?

ನಮ್ಮ ಪ್ರಶಿಕ್ಷಣಾರ್ಥಿಗಳು ಅಭ್ಯಾಸ ಬೋಧನೆಗೆ ಹೋಗುವ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಒಂದೇ ಜಿಲ್ಲೆಯಲ್ಲಿದ್ದರೂ ಒಂದೇ ತರದ ಊರುಗಳಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ಪಶ್ಚಿಮದಲ್ಲಿ ಮಳೆ ಹೆಚ್ಚು, ಅಡಿಕೆ ತೋಟ, ತುಂಗಭದ್ರೆಯ ದಡದ ಭತ್ತದ ಗದ್ದೆ. ಪೂರ್ವದ ಜಗಳೂರು ಬರಕ್ಕೆ ಹೆಸರಾದ ಬಯಲುಸೀಮೆ. ಹೀಗಾಗಿ 'ನಾಲ್ಕು ಶಾಲೆಗಳಲ್ಲಿ ನಾಲ್ಕು ಲಾಗರ್ ಇಟ್ಟು ಹವಾಮಾನ ಹೋಲಿಸೋಣ' ಎಂಬ ಯೋಜನಾ ಕಾರ್ಯ ಪ್ರಶಿಕ್ಷಣಾರ್ಥಿಗಳಿಗೆ ಸಹಜವಾಗಿ ಹೊಳೆಯುತ್ತದೆ.

ಆದರೆ ಜಗಳೂರಿನ ಲಾಗರ್ ನ್ಯಾಮತಿಯದಕ್ಕಿಂತ 1.5 ಡಿಗ್ರಿ ಹೆಚ್ಚು ತೋರಿಸಿತು ಎನ್ನಿ. ಅದು ಊರಿನ ಬಿಸಿಲೋ, ಸೆನ್ಸರಿನ ಗುಣವೋ? ಡಿಎಚ್‌ಟಿ11 ಎಂಬ ಅಗ್ಗದ ಸೆನ್ಸರ್‌ನ ನಿಖರತೆಯೇ ±2 ಡಿಗ್ರಿ. ಅಂದರೆ ಒಂದೇ ಮೇಜಿನ ಮೇಲಿಟ್ಟ ಎರಡು ಸೆನ್ಸರ್‌ಗಳ ನಡುವೆ ನಾಲ್ಕು ಡಿಗ್ರಿಯವರೆಗೂ ವ್ಯತ್ಯಾಸ ಬರಬಹುದು, ಎರಡೂ ತಯಾರಕರು ಹೇಳಿದ ಮಿತಿಯೊಳಗೇ ಇರುತ್ತವೆ. ಮಾಪನಾಂಕ ನಿರ್ಣಯ ಮಾಡದ ಲಾಗರ್‌ಗಳಿಂದ ಊರು ಊರನ್ನು ಹೋಲಿಸಿದರೆ ನಾವು ಹೋಲಿಸುತ್ತಿರುವುದು ಸೆನ್ಸರ್‌ಗಳನ್ನೇ.

ಇದು ಶಾಲೆಯ ಮಾತಾಯಿತು. ಮಕ್ಕಳ ಮನೆಯಲ್ಲೂ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಇದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಟೆಲಿಮೆಟ್ರಿಕ್ ಮಳೆಮಾಪಕಗಳನ್ನು ಇರಿಸಿದೆ. ಅವು ತಾವಾಗಿಯೇ ಮಳೆಯನ್ನು ದಾಖಲಿಸಿ 15 ನಿಮಿಷಕ್ಕೊಮ್ಮೆ ಬೆಂಗಳೂರಿಗೆ ಕಳಿಸುತ್ತವೆ. ಅವೂ ಡೇಟಾ ಲಾಗರ್‌ಗಳೇ. ಅಡಿಕೆಯಂಥ ತೋಟಗಾರಿಕೆ ಬೆಳೆಗಳಿಗೆ ಇರುವ ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರ ಲೆಕ್ಕ ಹಾಕುವುದು ಇಂಥ ಮಾಪಕಗಳ ಅಂಕಿಗಳ ಮೇಲೆ, ಯಾರೂ ತೋಟಕ್ಕೆ ಬಂದು ನೋಡಿದ ನಷ್ಟದ ಮೇಲಲ್ಲ. ಭಾರತೀಯ ಹವಾಮಾನ ಇಲಾಖೆಯ ಲೆಕ್ಕದಲ್ಲಿ 2.5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಮಳೆಯಾದರೆ ಅದು ಮಳೆಯ ದಿನ. 2.4 ಬಂದರೆ ಅಲ್ಲ. ಸಣ್ಣ ಅಂಕಿಯ ಮೇಲೆ ದೊಡ್ಡ ತೀರ್ಮಾನ ನಿಲ್ಲುವ ಇಂಥ ಕಡೆಯೇ ಅಳತೆಯ ಬೆಲೆ ತಿಳಿಯುವುದು. ನಮ್ಮ ಶಾಲೆಯ ಮಳೆಮಾಪಕ ವಿಮೆಗೆ ಪುರಾವೆಯಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ 'ಈ ಅಂಕಿ ಹೇಗೆ ಬಂತು, ಇದನ್ನು ಯಾವುದರೊಂದಿಗೆ ಹೋಲಿಸಿ ನೋಡಿದ್ದಾರೆ?' ಎಂದು ಕೇಳಲು ಬಲ್ಲ ಹುಡುಗ ಮುಂದೆ ರೈತನಾದರೂ ಅಧಿಕಾರಿಯಾದರೂ ಊರಿಗೆ ಒಳ್ಳೆಯದು.

ಚಟುವಟಿಕೆ 1: ತಾಪದ ಸೆನ್ಸರ್

ಬೇಕಾದವು: ಸ್ಟೀಲ್ ಕವಚದ ಡಿಎಸ್18ಬಿ20 ಸೆನ್ಸರ್ ಇರುವ ಲಾಗರ್, ಪ್ರಯೋಗಾಲಯದ ಥರ್ಮಾಮೀಟರ್, ಥರ್ಮಾಸ್ ಅಥವಾ ದಪ್ಪ ಲೋಟ, ಐಸ್, ಕುದಿಸಲು ಪಾತ್ರೆ.

ಸೊನ್ನೆಯ ಬಿಂದು: ಐಸನ್ನು ಚೆನ್ನಾಗಿ ಪುಡಿಮಾಡಿ ಲೋಟದ ತುಂಬ ಹಾಕಿ, ಸಂದುಗಳು ಮುಚ್ಚುವಷ್ಟು ಮಾತ್ರ ತಣ್ಣೀರು ಹಾಕಿ. ನೀರೇ ಹೆಚ್ಚಾಗಿ ಮೇಲೆ ನಾಲ್ಕು ಐಸ್ ತುಂಡು ತೇಲಿದರೆ ತಳದ ನೀರು ಸೊನ್ನೆಗಿಂತ ಹೆಚ್ಚಿರುತ್ತದೆ. ಉಪ್ಪು ಬೆರೆತರೆ ತಾಪ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ, ಆದ್ದರಿಂದ ಶುದ್ಧ ನೀರಿನ ಐಸ್ ಬಳಸಿ. ಸೆನ್ಸರನ್ನು ನಡುವೆ ಇಟ್ಟು ಆಗಾಗ ಕಲಕುತ್ತಾ ಐದು ನಿಮಿಷ ಕಾಯಿರಿ. ಅಂಕಿ ನಿಂತ ಮೇಲೆ ಬರೆದುಕೊಳ್ಳಿ.

ಕುದಿಯುವ ಬಿಂದು: ಸೆನ್ಸರ್ ಪಾತ್ರೆಯ ತಳಕ್ಕೆ ತಾಗಬಾರದು, ತಳ ನೀರಿಗಿಂತ ಬಿಸಿ. ನೀರು ಜೋರಾಗಿ ಕುದಿಯುತ್ತಿರಬೇಕು. ಈ ಭಾಗವನ್ನು ಶಿಕ್ಷಕರೇ ಮಾಡಬೇಕು, ಮಕ್ಕಳು ದೂರ ನಿಂತು ಅಂಕಿ ಓದಲಿ.

ಈಗ ಪ್ರಶ್ನೆ: ಈ ನೀರಿನ ನಿಜವಾದ ತಾಪ ಎಷ್ಟು? ದ್ರವದ ಆವಿಯ ಒತ್ತಡ ಹೊರಗಿನ ವಾತಾವರಣದ ಒತ್ತಡಕ್ಕೆ ಸಮನಾದಾಗ ದ್ರವ ಕುದಿಯುತ್ತದೆ. ಸಮುದ್ರ ಮಟ್ಟದಲ್ಲಿ ವಾತಾವರಣದ ಒತ್ತಡ ಸುಮಾರು 1013 ಹೆಕ್ಟೊಪ್ಯಾಸ್ಕಲ್, ಅಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ನಮ್ಮ ತಾಲ್ಲೂಕುಗಳು ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಆಸುಪಾಸಿನ ಎತ್ತರದಲ್ಲಿವೆ. ಆ ಎತ್ತರದಲ್ಲಿ ಒತ್ತಡ ಸುಮಾರು 943 ಹೆಕ್ಟೊಪ್ಯಾಸ್ಕಲ್, ನೀರು ಕುದಿಯುವುದು ಸುಮಾರು 98 ಡಿಗ್ರಿಗೆ. ಎತ್ತರ 300 ಮೀಟರ್ ಹೆಚ್ಚಿದಂತೆ ಕುದಿಯುವ ಬಿಂದು ಹೆಚ್ಚುಕಡಿಮೆ ಒಂದು ಡಿಗ್ರಿ ಇಳಿಯುತ್ತದೆ ಎಂದು ನೆನಪಿಟ್ಟರೆ ಸಾಕು. ಇದು ಹೊಸ ಸಂಗತಿಯೂ ಅಲ್ಲ. 1742ರಲ್ಲಿ ತನ್ನ ಮಾನದಂಡವನ್ನು ಪ್ರಕಟಿಸಿದ ಆಂಡರ್ಸ್ ಸೆಲ್ಸಿಯಸ್ ತಾನೇ ಕುದಿಯುವ ಬಿಂದು ವಾತಾವರಣದ ಒತ್ತಡದೊಂದಿಗೆ ಬದಲಾಗುವುದನ್ನು ಗಮನಿಸಿದ್ದ.

ಇಲ್ಲೊಂದು ಗುಂಡಿ ಇದೆ, ಮಕ್ಕಳು ಖಂಡಿತ ಬೀಳುತ್ತಾರೆ. ಮೊಬೈಲಿನ ಹವಾಮಾನ ಆ್ಯಪ್ ತೆರೆದು 'ಮಿಸ್, ಇಲ್ಲಿ 1010 ಅಂತ ಇದೆ' ಎನ್ನುತ್ತಾರೆ. ಊರು ಊರಿನ ಒತ್ತಡವನ್ನು ಹೋಲಿಸಲು ಅನುಕೂಲವಾಗಲೆಂದು ಆ್ಯಪ್‌ಗಳು ಸಾಮಾನ್ಯವಾಗಿ ಸಮುದ್ರ ಮಟ್ಟಕ್ಕೆ ಪರಿವರ್ತಿಸಿದ ಅಂಕಿಯನ್ನು ತೋರಿಸುತ್ತವೆ. ನಮ್ಮ ಪಾತ್ರೆಯ ಮೇಲಿರುವ ನಿಜವಾದ ಒತ್ತಡ ಅದಲ್ಲ. ಶಾಲೆಯಲ್ಲಿ ಒತ್ತಡದ ಸೆನ್ಸರ್ ಇದ್ದರೆ ನೇರವಾಗಿ ಅಳೆಯಿರಿ, ಇಲ್ಲದಿದ್ದರೆ ಊರಿನ ಎತ್ತರದಿಂದ ಲೆಕ್ಕ ಹಾಕಿ.

ಲೆಕ್ಕ: ಆ ದಿನದ ಅಂಕಿಗಳನ್ನೇ ತೆಗೆದುಕೊಳ್ಳೋಣ. ಐಸಿನಲ್ಲಿ ಓದಿದ್ದು 0.2, ನಿಜ 0. ಕುದಿಯುವಾಗ ಓದಿದ್ದು 97.9, ನಿಜ 98.0. ಒಂಬತ್ತನೇ ತರಗತಿಯ ಗಣಿತದಲ್ಲಿ ಬರುವ ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣವೇ ಇಲ್ಲಿ ಬೇಕಾದದ್ದು. ಎರಡು ಬಿಂದುಗಳ ಮೂಲಕ ಒಂದು ಸರಳರೇಖೆ.

ಗುಣಾಂಕ = 98.0 ÷ (97.9 − 0.2) = 1.003

ನಿಜ ತಾಪ = 1.003 × (ಓದಿದ ಅಂಕಿ − 0.2)

ಸೆನ್ಸರ್ 30.0 ಓದಿದರೆ ನಿಜ ತಾಪ 29.9. ಅಂದರೆ ಸೆನ್ಸರಿಗೆ ತಿದ್ದುಪಡಿಯೇ ಬೇಕಿರಲಿಲ್ಲ ಎನ್ನಬಹುದು. ನಾವು ಮಾಡಿದ್ದೇನು? 98ರ ಜಾಗದಲ್ಲಿ 100 ಹಾಕಿ ಗುಣಾಂಕವನ್ನು 1.0235 ಮಾಡಿದೆವು. ಆಗ 30.0ರ ಓದು 30.5 ಆಗುತ್ತದೆ, 60.0ರ ಓದು 61.2 ಆಗುತ್ತದೆ. ತಯಾರಕರು ±0.5 ಎಂದು ಕೊಟ್ಟ ಸೆನ್ಸರನ್ನು ನಮ್ಮ 'ತಿದ್ದುಪಡಿ' 60 ಡಿಗ್ರಿಯಲ್ಲಿ ಒಂದು ಡಿಗ್ರಿಗಿಂತ ಹೆಚ್ಚು ತಪ್ಪುವಂತೆ ಮಾಡಿತು. ಎರಡೂ ಲೆಕ್ಕಗಳನ್ನು ಮಕ್ಕಳಿಂದ ಗ್ರಾಫ್ ಹಾಳೆಯಲ್ಲಿ ಎಳೆಸಿ. ಎರಡು ರೇಖೆಗಳು ಮೇಲಕ್ಕೆ ಹೋದಂತೆ ಬೇರೆಯಾಗುವುದು ಕಣ್ಣಿಗೇ ಕಾಣುತ್ತದೆ.

ಇನ್ನೊಂದು ಮಾತು. ಈ ಸೆನ್ಸರಿನ ±0.5 ಭರವಸೆ 85 ಡಿಗ್ರಿಯವರೆಗೆ ಮಾತ್ರ. ನಮ್ಮ ಲಾಗರ್ ಹವಾಮಾನ ಅಳೆಯುವುದಾದರೆ ನಮಗೆ ಬೇಕಾದ ವ್ಯಾಪ್ತಿ 10ರಿಂದ 45 ಡಿಗ್ರಿ. ಆದ್ದರಿಂದ ಕುದಿಯುವ ನೀರಿನಲ್ಲಿ ಪಾಠ ಕಲಿತ ಮೇಲೆ, ಸುಮಾರು 40 ಡಿಗ್ರಿಯ ಬೆಚ್ಚಗಿನ ನೀರಿನಲ್ಲಿ ಒಳ್ಳೆಯ ಥರ್ಮಾಮೀಟರ್ ಜೊತೆಗಿಟ್ಟು ಮೂರನೆಯ ಬಿಂದುವನ್ನೂ ನೋಡಿ. ಬಳಸುವ ವ್ಯಾಪ್ತಿಯಲ್ಲೇ ಪರೀಕ್ಷಿಸುವುದು ನಿಯಮ.

ನಾಲ್ಕು ಲಾಗರ್, ಒಂದು ಬಕೆಟ್

ನಾಲ್ಕು ತಾಲ್ಲೂಕಿನ ಶಾಲೆಗಳಿಗೆ ಲಾಗರ್ ಕಳಿಸುವ ಮೊದಲು ನಾಲ್ಕೂ ಸೆನ್ಸರ್‌ಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಒಟ್ಟಿಗೆ ಕಟ್ಟಿ, ಒಂದೇ ಬಕೆಟ್ ನೀರಿನಲ್ಲಿ ಒಂದು ಗಂಟೆ ಬಿಡಿ. ನೀರನ್ನು ಆಗಾಗ ಕಲಕಿ. ನಾಲ್ಕರ ಅಂಕಿಗಳನ್ನೂ ಬರೆದಿಡಿ. ಒಂದೇ ನೀರು, ಒಂದೇ ತಾಪ. ಹಾಗಿದ್ದೂ ಕಂಡ ವ್ಯತ್ಯಾಸವೆಲ್ಲ ಸೆನ್ಸರ್‌ಗಳದ್ದು. ಆ ವ್ಯತ್ಯಾಸವನ್ನು ಕಳೆದ ಮೇಲೆ ಉಳಿಯುವುದೇ ಊರಿನ ವ್ಯತ್ಯಾಸ. ಯೋಜನೆ ಮುಗಿದ ಮೇಲೆ ನಾಲ್ಕನ್ನೂ ವಾಪಸ್ ತಂದು ಅದೇ ಪರೀಕ್ಷೆ ಮತ್ತೆ ಮಾಡಿ. ನಡುವೆ ಯಾವುದಾದರೂ ಸೆನ್ಸರ್ ಜಾರಿದ್ದರೆ ಆಗ ಗೊತ್ತಾಗುತ್ತದೆ.

ಮಾಪನಾಂಕ ನಿರ್ಣಯ ಎಲ್ಲವನ್ನೂ ತಿದ್ದುವುದಿಲ್ಲ. ಒಂದು ಶಾಲೆಯವರು ಸೆನ್ಸರನ್ನು ಶೀಟಿನ ಛಾವಣಿ ಕೆಳಗೆ, ಇನ್ನೊಂದು ಶಾಲೆಯವರು ಬೇವಿನ ಮರದ ನೆರಳಲ್ಲಿ ಇಟ್ಟರೆ ಎಂಥ ಒಳ್ಳೆಯ ಸೆನ್ಸರೂ ಊರಿನ ತಾಪ ಹೇಳುವುದಿಲ್ಲ. ನೇರ ಬಿಸಿಲು ತಾಗದಂತೆ, ಗಾಳಿ ಆಡುವಂತೆ ಬಿಳಿ ಪ್ಲಾಸ್ಟಿಕ್ ತಟ್ಟೆಗಳನ್ನು ಒಂದರ ಮೇಲೊಂದು ಸಂದು ಬಿಟ್ಟು ಜೋಡಿಸಿ, ನೆಲದಿಂದ 1.25ರಿಂದ 2 ಮೀಟರ್ ಎತ್ತರದಲ್ಲಿ ನಾಲ್ಕೂ ಕಡೆ ಒಂದೇ ತರ ಇಡಿ. ಲಾಗರ್‌ಗಳ ಗಡಿಯಾರಗಳನ್ನೂ ಒಂದೇ ಸಮಯಕ್ಕೆ ಹೊಂದಿಸಿ. ಮಧ್ಯಾಹ್ನ ಎರಡರ ತಾಪವನ್ನು ಇನ್ನೊಂದು ಊರಿನ ಮೂರರ ತಾಪದೊಂದಿಗೆ ಹೋಲಿಸಿದರೆ ಉಳಿದ ಶ್ರಮವೆಲ್ಲ ವ್ಯರ್ಥ.

ಚಟುವಟಿಕೆ 2: ಅಡುಗೆ ಉಪ್ಪಿನಿಂದ ಆರ್ದ್ರತೆ

ಗಾಳಿಯ ಸಾಪೇಕ್ಷ ಆರ್ದ್ರತೆಗೆ ಮಾನಕ ಎಲ್ಲಿಂದ ತರುವುದು? ಅಡುಗೆ ಮನೆಯಿಂದ. ಒಂದು ಚಿಕ್ಕ ಮುಚ್ಚಳದಲ್ಲಿ ಉಪ್ಪು ಹಾಕಿ, ಗಂಜಿಯಂತೆ ಒದ್ದೆಯಾಗುವಷ್ಟು ಮಾತ್ರ ನೀರು ಬೆರೆಸಿ. ಕರಗದ ಉಪ್ಪು ಕಾಣುತ್ತಿರಬೇಕು. ಇದನ್ನು ಗಾಳಿಯಾಡದ ಡಬ್ಬಿಯಲ್ಲಿ ಸೆನ್ಸರ್ ಜೊತೆಗೆ ಇಟ್ಟು ಮುಚ್ಚಿ, ಸೆನ್ಸರ್ ಉಪ್ಪಿಗೆ ತಾಗದಿರಲಿ. ಕೆಲವು ಗಂಟೆಗಳ ನಂತರ ಡಬ್ಬಿಯೊಳಗಿನ ಗಾಳಿಯ ಆರ್ದ್ರತೆ ಸುಮಾರು 75 ಶೇಕಡಾದಲ್ಲಿ ನಿಲ್ಲುತ್ತದೆ. ಪರ್ಯಾಪ್ತ ಉಪ್ಪಿನ ದ್ರಾವಣ ಗಾಳಿಯಲ್ಲಿ ತೇವ ಹೆಚ್ಚಾದರೆ ಹೀರಿಕೊಳ್ಳುತ್ತದೆ, ಕಡಿಮೆಯಾದರೆ ಬಿಟ್ಟುಕೊಡುತ್ತದೆ. ಕೋಣೆಯ ತಾಪ ಸ್ವಲ್ಪ ಬದಲಾದರೂ ಈ ಅಂಕಿ ಹೆಚ್ಚು ಬದಲಾಗುವುದಿಲ್ಲ, ಅದೇ ಇದರ ಅನುಕೂಲ.

ಸೆನ್ಸರ್ 81 ತೋರಿಸಿದರೆ ಆರು ಅಂಶ ಹೆಚ್ಚು ತೋರಿಸುತ್ತಿದೆ ಎಂದಾಯಿತು. ಆದರೆ ಇದು ಒಂದೇ ಬಿಂದು. 75ರ ಸುತ್ತ ಈ ತಿದ್ದುಪಡಿ ನಂಬಬಹುದು, ಜಗಳೂರಿನ ಬೇಸಿಗೆಯ ಮಧ್ಯಾಹ್ನದ ಒಣ ಗಾಳಿಗೂ ಇದೇ ಆರು ಅಂಶ ಎಂದು ಹೇಳುವಂತಿಲ್ಲ. ಮಕ್ಕಳು ಇದನ್ನು ದಾಖಲೆಯಲ್ಲಿ ಬರೆಯಲಿ.

ಚಟುವಟಿಕೆ 3: ಮಣ್ಣಿನ ತೇವ

ಮಣ್ಣಿನ ತೇವದ ಸೆನ್ಸರ್ ಕೊಡುವುದು ಶೇಕಡಾವಾರು ಅಲ್ಲ, ಬರೀ ಒಂದು ಅಂಕಿ. ಧಾರಕ ಬಗೆಯ ಸೆನ್ಸರಿನಲ್ಲಿ ತೇವ ಹೆಚ್ಚಿದಂತೆ ಸಾಮಾನ್ಯವಾಗಿ ಅಂಕಿ ಕಡಿಮೆಯಾಗುತ್ತದೆ. ಗಾಳಿಯಲ್ಲಿ ಹಿಡಿದಾಗ ಸೊನ್ನೆ, ನೀರಿನಲ್ಲಿ ಅದ್ದಿದಾಗ ನೂರು ಎಂದು ಕೋಡ್ ಬರೆಯುವುದು ಸುಲಭ, ಆದರೆ ಅದು ಮಣ್ಣಿನ ಬಗ್ಗೆ ಏನನ್ನೂ ಹೇಳುವುದಿಲ್ಲ.

ಸರಿಯಾದ ದಾರಿ ತೂಕದ್ದು. ಹೊಲದ ಮಣ್ಣನ್ನು ಚೆನ್ನಾಗಿ ಒಣಗಿಸಿ, ತೂಕ ನಿಂತ ಮೇಲೆ ಒಂದು ಕಿಲೋ ತೆಗೆದುಕೊಳ್ಳಿ. 50 ಮಿ.ಲೀ. ನೀರು ಬೆರೆಸಿ ಕಲಸಿ, ಡಬ್ಬಿಗೆ ತುಂಬಿ, ಸೆನ್ಸರ್ ಚುಚ್ಚಿ ಅಂಕಿ ಬರೆಯಿರಿ. ಒಂದು ಮಿ.ಲೀ. ನೀರು ಒಂದು ಗ್ರಾಂ, ಆದ್ದರಿಂದ ಇದು ತೂಕದಲ್ಲಿ 5 ಶೇಕಡಾ ತೇವ. ಮತ್ತೆ 50 ಮಿ.ಲೀ. ಸೇರಿಸಿದರೆ 10, ಹೀಗೆ 25ರವರೆಗೆ. ಪ್ರತಿ ಸಲ ಮಣ್ಣನ್ನು ಒಂದೇ ರೀತಿ ಅದುಮಿ ತುಂಬಬೇಕು, ಸಡಿಲ ಮಣ್ಣಿನಲ್ಲಿ ಗಾಳಿ ಸೇರಿ ಅಂಕಿ ಬೇರೆಯಾಗುತ್ತದೆ. ಪ್ರಯೋಗಾಲಯಗಳಲ್ಲಿ ಮಣ್ಣನ್ನು 105 ಡಿಗ್ರಿಯ ಓವನ್ನಿನಲ್ಲಿ ಒಣಗಿಸುತ್ತಾರೆ. ಬಿಸಿಲಿನಲ್ಲಿ ಒಣಗಿಸಿದರೆ ಸ್ವಲ್ಪ ತೇವ ಉಳಿದೇ ಇರುತ್ತದೆ, ಜಿಗುಟು ಮಣ್ಣಿನಲ್ಲಿ ಇನ್ನೂ ಹೆಚ್ಚು.

ಚನ್ನಗಿರಿಯ ಅಡಿಕೆ ತೋಟದ ಮಣ್ಣು, ಹೊನ್ನಾಳಿಯ ಭತ್ತದ ಗದ್ದೆಯ ಮಣ್ಣು, ನ್ಯಾಮತಿಯ ಮೆಕ್ಕೆಜೋಳದ ಹೊಲದ ಮಣ್ಣು, ಜಗಳೂರಿನ ಕೆಂಪು ಮಣ್ಣು ನಾಲ್ಕನ್ನೂ ತಂದು ಇದೇ ರೀತಿ ಮಾಡಿಸಿ ಒಂದೇ ಗ್ರಾಫ್ ಹಾಳೆಯಲ್ಲಿ ನಾಲ್ಕು ರೇಖೆ ಎಳೆಸಿ. ಅವು ಒಂದರ ಮೇಲೊಂದು ಕೂರುವುದಿಲ್ಲ. ಒಂದು ಮಣ್ಣಿಗೆ ಮಾಡಿದ ಮಾಪನಾಂಕ ಇನ್ನೊಂದು ಮಣ್ಣಿಗೆ ಸಲ್ಲದು ಎಂಬುದನ್ನು ಹೇಳಿ ಒಪ್ಪಿಸುವುದಕ್ಕಿಂತ ಈ ಹಾಳೆ ತೋರಿಸುವುದು ಮೇಲು. ಎರಡು ಲೋಹದ ಕಡ್ಡಿಗಳ ಅಗ್ಗದ ಸೆನ್ಸರ್ ಬಳಸಿದರೆ ಇನ್ನೊಂದು ತೊಡಕು: ಗೊಬ್ಬರದ ಲವಣಗಳಿಂದಲೂ ವಿದ್ಯುತ್ ಹೆಚ್ಚು ಹರಿದು ಮಣ್ಣು ಒದ್ದೆಯಿದೆ ಎಂದು ತೋರಿಸುತ್ತದೆ, ಕಡ್ಡಿಗಳೂ ಬೇಗ ಸವೆಯುತ್ತವೆ.

ಚಟುವಟಿಕೆ 4: ಮಳೆಮಾಪಕ

ತಾನೇ ಎಣಿಸುವ ಮಳೆಮಾಪಕದಲ್ಲಿ ಆಲಿಕೆಯ ಕೆಳಗೆ ಏತದಂತೆ ಅತ್ತಿತ್ತ ಓಲುವ ಜೋಡಿ ಬಟ್ಟಲು ಇರುತ್ತದೆ. ಒಂದು ಬಟ್ಟಲು ತುಂಬಿದ ಕೂಡಲೇ ಮಗುಚಿ ನೀರು ಚೆಲ್ಲುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಪ್ರತಿ ಮಗುಚುವಿಕೆಯನ್ನು ಲಾಗರ್ ಎಣಿಸುತ್ತದೆ.

ಆಲಿಕೆಯ ಬಾಯಿಯ ವ್ಯಾಸ 16 ಸೆಂ.ಮೀ. ಇದ್ದರೆ ವಿಸ್ತೀರ್ಣ 201 ಚ.ಸೆಂ.ಮೀ. ಒಂದು ಮಿ.ಮೀ. ಮಳೆ ಎಂದರೆ ಆ ಬಾಯಿಯ ಮೇಲೆ 20.1 ಮಿ.ಲೀ. ನೀರು. 402 ಮಿ.ಲೀ. ನೀರನ್ನು ಅಳೆದು, ತಳಕ್ಕೆ ಸೂಜಿ ತೂತು ಮಾಡಿದ ಬಾಟಲಿಯಿಂದ ಹನಿಹನಿಯಾಗಿ ಒಂದು ಗಂಟೆಯಲ್ಲಿ ಬಿಡಿ. ಇದು 20 ಮಿ.ಮೀ. ಮಳೆಗೆ ಸಮ. ಒಂದು ಮಗುಚುವಿಕೆಗೆ 0.2 ಮಿ.ಮೀ. ಎಂದು ಬರೆದಿದ್ದರೆ 100 ಎಣಿಕೆ ಬರಬೇಕು. 94 ಬಂದರೆ? ಒಂದು ಮಗುಚುವಿಕೆಯ ನಿಜ ಬೆಲೆ 20 ÷ 94, ಅಂದರೆ 0.213 ಮಿ.ಮೀ. ಕೋಡಿನಲ್ಲಿ 0.2ರ ಬದಲು ಇದನ್ನು ಹಾಕಬೇಕು. ಹಾಕದಿದ್ದರೆ 60 ಮಿ.ಮೀ. ಮಳೆಯ ದಿನ 56 ಎಂದೇ ದಾಖಲಾಗುತ್ತದೆ.

ಈಗ ಅಷ್ಟೇ ನೀರನ್ನು ಹತ್ತೇ ನಿಮಿಷದಲ್ಲಿ ಬಿಡಿ. ಎಣಿಕೆ ಇನ್ನೂ ಕಡಿಮೆಯಾಗುತ್ತದೆ. ಬಟ್ಟಲು ಮಗುಚುವ ಆ ಕ್ಷಣದಲ್ಲೂ ನೀರು ಬೀಳುತ್ತಲೇ ಇರುವುದರಿಂದ ಒಂದಿಷ್ಟು ನೀರು ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ಸೋನೆಮಳೆಗೂ ಏಪ್ರಿಲ್-ಮೇ ತಿಂಗಳ ಗುಡುಗಿನ ಮಳೆಗೂ ಒಂದೇ ಗುಣಾಂಕ ಸಾಲದು ಎಂಬುದನ್ನು ಮಕ್ಕಳು ಇಲ್ಲಿ ಕೈಯಾರೆ ಕಾಣುತ್ತಾರೆ. ಜೇಡರ ಬಲೆ, ಎಲೆ, ದೂಳು ಆಲಿಕೆಯಲ್ಲಿ ಸೇರಿದರೆ ಯಾವ ಗುಣಾಂಕವೂ ಕೆಲಸಕ್ಕೆ ಬಾರದು. ವಾರಕ್ಕೊಮ್ಮೆ ಶುಚಿ ಮಾಡುವ ಸರದಿ ಹಾಕಿ.

ಪಾಠ ಯೋಜನೆಯಲ್ಲಿ ಜೋಡಿಸುವುದು

ನಾಲ್ಕನ್ನೂ ಒಂದೇ ಪಾಠದಲ್ಲಿ ತುರುಕಬೇಡಿ. ಇಂಟರ್ನ್‌ಶಿಪ್‌ನಲ್ಲಿ ಚಟುವಟಿಕೆ 1ಕ್ಕೆ ಮೂರು ಅವಧಿ ಕೊಡಿ. ಮೊದಲ ಅವಧಿಯಲ್ಲಿ ಮಾಪನ ಮತ್ತು ಅಂದಾಜು. ಅಳೆಯುವ ಮೊದಲೇ ಪ್ರತಿ ಗುಂಪು ತಾನು ನಿರೀಕ್ಷಿಸುವ ಅಂಕಿಯನ್ನು ಬರೆದಿಡಲಿ. ಎರಡನೆಯ ಅವಧಿಯಲ್ಲಿ ಲೆಕ್ಕ ಮತ್ತು ಗ್ರಾಫ್, ಸಾಧ್ಯವಾದರೆ ಗಣಿತ ಶಿಕ್ಷಕರ ಜೊತೆಗೂಡಿ. ಮೂರನೆಯದರಲ್ಲಿ ಬಕೆಟ್ ಪರೀಕ್ಷೆ ಮತ್ತು ಚರ್ಚೆ. ಉಳಿದ ಚಟುವಟಿಕೆಗಳು ವಿಜ್ಞಾನ ಸಂಘಕ್ಕೆ ಅಥವಾ ಯೋಜನಾ ಕಾರ್ಯಕ್ಕೆ ಸೂಕ್ತ.

ತರಗತಿಯಲ್ಲಿ ಎದುರಾಗುವ ತಪ್ಪು ಕಲ್ಪನೆಗಳನ್ನು ಮೊದಲೇ ತಿಳಿದಿರಿ:

- 'ಡಿಜಿಟಲ್ ಅಂದ್ರೆ ತಪ್ಪಲ್ಲ.' ಪರಿಹಾರ: ಎರಡು ಸೆನ್ಸರ್‌ಗಳನ್ನು ಒಂದೇ ಲೋಟದಲ್ಲಿಟ್ಟು ಬೇರೆ ಬೇರೆ ಅಂಕಿ ತೋರಿಸಿ, 'ಯಾವುದನ್ನು ನಂಬೋಣ?' ಎಂದು ಕೇಳಿ.
- 'ಹತ್ತು ಸಲ ಅಳೆದು ಸರಾಸರಿ ತೆಗೆದರೆ ಸರಿಯಾಗುತ್ತದೆ.' ಪರಿಹಾರ: ಐದು ನಿಮಿಷ ಮುಂದಿರುವ ಗಡಿಯಾರವನ್ನು ಹತ್ತು ಸಲ ನೋಡಿದರೆ ಸರಿಯಾದ ಸಮಯ ಸಿಗುತ್ತದೆಯೇ?
- 'ಪುಸ್ತಕದ ಅಂಕಿ ಬರುವ ಹಾಗೆ ತಿದ್ದುವುದೇ ಕ್ಯಾಲಿಬ್ರೇಶನ್.' ಇದು ಮಕ್ಕಳಿಗಿಂತ ಹೆಚ್ಚಾಗಿ ನಮ್ಮಲ್ಲೇ ಇರುವ ತಪ್ಪು. ಪ್ರಯೋಗ ಪುಸ್ತಕದಲ್ಲಿ ಉತ್ತರ ಸರಿ ಬಂದವರಿಗೇ ಪೂರ್ಣ ಅಂಕ ಕೊಡುವ ರೂಢಿ ಇದನ್ನು ಬೆಳೆಸುತ್ತದೆ.

ಮೌಲ್ಯಮಾಪನದಲ್ಲಿ ಹೀಗೆ ಅಂಕ ಹಂಚಬಹುದು: ಮಾನಕವನ್ನು ಸರಿಯಾಗಿ ಆರಿಸಿ ಕಾರಣ ಹೇಳಿದ್ದಕ್ಕೆ 3, ಓದಿದ ಅಂಕಿಗಳನ್ನು ತಿದ್ದದೆ ದಾಖಲಿಸಿದ್ದಕ್ಕೆ 3, ಲೆಕ್ಕ ಮತ್ತು ಗ್ರಾಫಿಗೆ 2, ತಿದ್ದುಪಡಿಯನ್ನು ಎಲ್ಲಿಯವರೆಗೆ ನಂಬಬಹುದೆಂದು ಬರೆದದ್ದಕ್ಕೆ 2. 'ಸರಿಯಾದ ಉತ್ತರ'ಕ್ಕೆ ಪ್ರತ್ಯೇಕ ಅಂಕ ಬೇಡ.

ಪ್ರತಿ ಲಾಗರ್‌ಗೂ ಒಂದು ಮಾಪನಾಂಕ ಚೀಟಿ ಅಂಟಿಸಿ. ದಿನಾಂಕ, ಮಾಡಿದ ಗುಂಪು, ಬಳಸಿದ ಮಾನಕ, ಓದಿದ ಅಂಕಿ, ಗುಣಾಂಕ, ಮುಂದಿನ ಪರೀಕ್ಷೆಯ ದಿನ ಅದರಲ್ಲಿರಲಿ. ಮೆಮೊರಿ ಕಾರ್ಡಿನಲ್ಲಿ ತಿದ್ದಿದ ಅಂಕಿಯ ಪಕ್ಕದ ಕಲಂನಲ್ಲಿ ಸೆನ್ಸರ್ ಕೊಟ್ಟ ಮೂಲ ಅಂಕಿಯನ್ನೂ ತಪ್ಪದೆ ಉಳಿಸಿ. ನಮ್ಮ ತರಗತಿ ಮರುದಿನ ತಪ್ಪನ್ನು ಸರಿಪಡಿಸಲು ಸಾಧ್ಯವಾದದ್ದು ಆ ಹುಡುಗಿ ತನ್ನ ನೋಟ್‌ಬುಕ್‌ನಲ್ಲಿ 97.9 ಎಂದು ಬರೆದುಕೊಂಡಿದ್ದರಿಂದ. ಪರದೆಯಲ್ಲಿ ನೂರು ಬಂದ ಮೇಲೂ ಅವಳು ಅದನ್ನು ಅಳಿಸಿರಲಿಲ್ಲ.

ಮಾರ್ಗದರ್ಶಕರಿಗೆ ಒಂದು ಮಾತು

ನಮ್ಮ ಅವಲೋಕನ ನಮೂನೆಯಲ್ಲಿ ಧ್ವನಿ, ಕಪ್ಪುಹಲಗೆ ಬಳಕೆ, ಪ್ರಶ್ನಿಸುವ ಕೌಶಲ ಎಲ್ಲಕ್ಕೂ ಕಲಂ ಇದೆ. ಪ್ರಾಯೋಗಿಕ ಪಾಠಗಳಿಗೆ ಇನ್ನೊಂದು ಸಾಲು ಸೇರಿಸಿಕೊಳ್ಳುವುದು ಒಳ್ಳೆಯದು: 'ನಿರೀಕ್ಷೆಗೆ ಹೊಂದದ ಅಂಕಿ ಬಂದಾಗ ಪ್ರಶಿಕ್ಷಣಾರ್ಥಿ ಏನು ಮಾಡಿದರು?' ಉಪಕರಣವನ್ನು ದೂರಿದರೇ, ಮಗುವನ್ನು ದೂರಿದರೇ, ಅಥವಾ 'ಇದು ಏಕೆ ಹೀಗೆ ಬಂತು ನೋಡೋಣ' ಎಂದರೇ? ಅಂದು ನನ್ನ ಕೈಯಲ್ಲಿದ್ದ ನಮೂನೆಯಲ್ಲಿ ಈ ಸಾಲು ಇದ್ದಿದ್ದರೆ ನಾನು ಆ ಗುರುತು ಹಾಕುವ ಮೊದಲು ಒಂದು ಕ್ಷಣ ನಿಲ್ಲುತ್ತಿದ್ದೆ.